ಇಡಿಗಂಟೋ, ತಿಂಗಳ ಪರಿಹಾರವೋ: ಅಮೆರಿಕದ ಅಣುಪರೀಕ್ಷೆಗಳಲ್ಲಿದ್ದ ಸೈನಿಕರ ಕುಟುಂಬಗಳಿಗೆ ಹೋಲಿಕೆಯ ಮಾರ್ಗದರ್ಶಿ

1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಟ್ರಿನಿಟಿ ಪರೀಕ್ಷೆಯಿಂದ 1962ರ ಕೊನೆಯವರೆಗೆ ಅಮೆರಿಕವು ನೆವಾಡದ ಬಯಲಿನಲ್ಲಿಯೂ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಅಣ್ವಸ್ತ್ರಗಳನ್ನು ತೆರೆದ ವಾತಾವರಣದಲ್ಲಿ ಸಿಡಿಸಿ ಪರೀಕ್ಷಿಸಿತು. ಆ ಸ್ಥಳಗಳಲ್ಲಿ ಕರ್ತವ್ಯದ ಮೇಲಿದ್ದ ಸೈನಿಕರ ಸಂಖ್ಯೆ ಎರಡು ಲಕ್ಷವನ್ನು ಮೀರುತ್ತದೆ. 1962ರಲ್ಲಿ ಹದಿನೆಂಟು ವರ್ಷದ ಹುಡುಗನಾಗಿದ್ದವನಿಗೂ ಈಗ ಎಂಬತ್ತು ದಾಟಿದೆ. ಬಹುಪಾಲು ಮಂದಿ ತೀರಿಕೊಂಡಿದ್ದಾರೆ. ಉಳಿದವರಿಗೆ ಮತ್ತು ತೀರಿಕೊಂಡವರ ಹೆಂಡತಿ ಮಕ್ಕಳಿಗೆ ಸರ್ಕಾರದಿಂದ ಸಿಗುವ ನೆರವು ಇದೆ, ಆದರೆ ಅದು ಒಂದೇ ಕಚೇರಿಯಲ್ಲಿಲ್ಲ. ಚಿಕಿತ್ಸೆ ಮತ್ತು ತಿಂಗಳ ಪರಿಹಾರ ಮಾಜಿ ಸೈನಿಕರ ಇಲಾಖೆಯದು, ಇಡಿಗಂಟು ನ್ಯಾಯ ಇಲಾಖೆಯದು, ಪದಕ ರಕ್ಷಣಾ ಇಲಾಖೆಯದು. ಒಂದು ಇಲಾಖೆ ಕೊಟ್ಟದ್ದನ್ನು ಇನ್ನೊಂದು ಇಲಾಖೆ ತನ್ನ ಲೆಕ್ಕದಲ್ಲಿ ಮುರಿದುಕೊಳ್ಳುವುದರಿಂದ, ಯಾವ ಅರ್ಜಿಯನ್ನು ಯಾವಾಗ ಹಾಕಬೇಕು ಎಂಬುದನ್ನು ಮೊದಲೇ ಯೋಚಿಸಿಕೊಳ್ಳಬೇಕಾಗುತ್ತದೆ.

ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರಾಗಿ, ದಾದಿಯರಾಗಿ ದುಡಿಯುತ್ತಿರುವ ಕನ್ನಡಿಗರಿದ್ದಾರೆ. ಮದುವೆಯಿಂದ ಅಲ್ಲಿನ ಕುಟುಂಬಗಳಿಗೆ ಸೇರಿದವರೂ ಇದ್ದಾರೆ. ಅಂಥವರ ಮುಂದೆ ಕುಳಿತ ವೃದ್ಧರೊಬ್ಬರು ತಾವು ಪೆಸಿಫಿಕ್‌ನ ಪರೀಕ್ಷಾ ದ್ವೀಪವಾದ ಬಿಕಿನಿಯಲ್ಲಿದ್ದೆವು ಎಂದೋ ನೆವಾಡದ ಕಂದಕದಲ್ಲಿ ಕುಳಿತು ಸ್ಫೋಟ ನೋಡಿದೆವು ಎಂದೋ ಹೇಳಿದಾಗ, ಅವರನ್ನು ಎಲ್ಲಿಗೆ ಕಳಿಸಬೇಕು ಎಂಬುದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲ ದಾರಿಗಳಿಗೂ ಮುಂಚೆ: ಹಾಜರಿಯ ದೃಢೀಕರಣ

ಯಾವ ದಾರಿ ಹಿಡಿದರೂ ಮೊದಲ ಪ್ರಶ್ನೆ ಒಂದೇ: ಆ ವ್ಯಕ್ತಿ ಪರೀಕ್ಷೆಯ ಸ್ಥಳದಲ್ಲಿದ್ದದ್ದು ನಿಜವೇ? ಇದಕ್ಕೆ ಉತ್ತರ ಹುಡುಕುವಾಗ ಎರಡು ಅಡ್ಡಿಗಳು ಎದುರಾಗುತ್ತವೆ. ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆಗಳ ಕೇಂದ್ರದಲ್ಲಿ 1973ರ ಜುಲೈನಲ್ಲಿ ಬಿದ್ದ ಬೆಂಕಿಯಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಕಡತಗಳು ನಾಶವಾದವು. 1960ಕ್ಕೆ ಮುಂಚೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಸುಮಾರು ಶೇಕಡಾ 80ರಷ್ಟು ಅಲ್ಲಿ ಸುಟ್ಟುಹೋದವು. ಎರಡನೆಯದು, ಈ ಸೈನಿಕರಿಂದ ಮಾತು ಹೊರಗೆ ಬಿಡಬಾರದೆಂದು ಪ್ರಮಾಣ ಮಾಡಿಸಿಕೊಳ್ಳಲಾಗಿತ್ತು. ಆ ಕಟ್ಟುಪಾಡನ್ನು ಕಾನೂನಿನ ಮೂಲಕ ತೆಗೆದುಹಾಕಿದ್ದು 1996ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನ ಹೆಂಡತಿಗೂ ವೈದ್ಯರಿಗೂ ಏನನ್ನೂ ಹೇಳದೆ ಸತ್ತಿದ್ದರು. ಬದುಕಿರುವವರಲ್ಲಿ ಈಗಲೂ ಬಾಯಿ ಬಿಡಲು ಹಿಂಜರಿಯುವವರಿದ್ದಾರೆ. ಈಗ ಮಾತಾಡುವುದು ತಪ್ಪಲ್ಲ ಎಂದು ಅವರಿಗೆ ಹೇಳುವುದೇ ಮೊದಲ ಉಪಕಾರ.

ಅದೃಷ್ಟಕ್ಕೆ, ಸುಟ್ಟ ಕಡತಗಳ ಮೇಲೆ ಎಲ್ಲವೂ ನಿಂತಿಲ್ಲ. ರಕ್ಷಣಾ ಇಲಾಖೆಯು 1978ರಲ್ಲಿ ಆರಂಭಿಸಿದ ಅಣುಪರೀಕ್ಷಾ ಸಿಬ್ಬಂದಿ ಪರಿಶೀಲನಾ ಕಾರ್ಯಕ್ರಮವು ಹಡಗು, ತುಕಡಿ ಮತ್ತು ದಿನಾಂಕಗಳ ಆಧಾರದಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಪ್ರತ್ಯೇಕವಾಗಿ ಕಲೆಹಾಕಿದೆ. ಅಲ್ಲಿಗೆ ಬರೆದು ದೃಢೀಕರಣ ಪತ್ರ ತರಿಸಿಕೊಳ್ಳಬಹುದು. ಬರೆಯುವಾಗ ಹಡಗಿನ ಹೆಸರು, ತುಕಡಿಯ ಹೆಸರು, ವರ್ಷ ಮತ್ತು ನೆನಪಿರುವ ಕೆಲಸ, ಇವಿಷ್ಟನ್ನು ಕೊಡಬೇಕು. ಕೆಲಸದ ವಿವರ ಎಷ್ಟು ಮುಖ್ಯ ಎಂಬುದಕ್ಕೆ 1946ರ ಕ್ರಾಸ್‌ರೋಡ್ಸ್ ಕಾರ್ಯಾಚರಣೆಯೇ ಉದಾಹರಣೆ. ಸುಮಾರು 42,000 ಜನ ಭಾಗವಹಿಸಿದ ಆ ಕಾರ್ಯಾಚರಣೆಯಲ್ಲಿ ಜುಲೈ 25ರಂದು ಬಿಕಿನಿಯ ಕಡಲೊಳಗೆ ಸಿಡಿದ ಬೇಕರ್ ಬಾಂಬು ಗುರಿಯ ಹಡಗುಗಳ ಮೇಲೆ ವಿಕಿರಣ ತುಂಬಿದ ನೀರನ್ನು ಸುರಿಸಿತು. ಆ ಹಡಗುಗಳ ಅಟ್ಟಣಿಗೆಯನ್ನು ನಾವಿಕರು ಬ್ರಷ್ಷು, ಸಾಬೂನು ಹಿಡಿದು ಉಜ್ಜಿದರು. ವಿಕಿರಣ ಹೋಗಲಿಲ್ಲ, ಆಗಸ್ಟ್ 10ರಂದು ಕೆಲಸವನ್ನೇ ನಿಲ್ಲಿಸಬೇಕಾಯಿತು. ಸ್ಫೋಟದ ದಿನ ದೂರದಲ್ಲಿದ್ದ ನಾವಿಕನೂ ಆಮೇಲೆ ಹೀಗೆ ಹಡಗು ತೊಳೆಯಲು ಹೋಗಿದ್ದರೆ ಕಾನೂನಿನ ಕಣ್ಣಿನಲ್ಲಿ ಭಾಗಿಯೇ ಆಗುತ್ತಾನೆ. ಆದ್ದರಿಂದ ಅಜ್ಜನಿಗೆ ಕೇಳಬೇಕಾದ ಪ್ರಶ್ನೆ, ಬಾಂಬು ನೋಡಿದಿರಾ ಎಂಬುದಷ್ಟೇ ಅಲ್ಲ. ಆಮೇಲಿನ ವಾರಗಳಲ್ಲಿ ಏನು ಕೆಲಸ ಮಾಡಿದಿರಿ ಎಂಬುದೂ ಹೌದು.

ಮಾಜಿ ಸೈನಿಕರ ಇಲಾಖೆ: ಕಾನೂನೇ ಒಪ್ಪಿಕೊಂಡ 21 ಕ್ಯಾನ್ಸರ್‌ಗಳು

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಸೈನಿಕ ಬದುಕಿದ್ದು, ಆತನ ಕಾಯಿಲೆ ಇಲಾಖೆಯ ಪಟ್ಟಿಯಲ್ಲಿದ್ದರೆ, ಮೊದಲ ಅರ್ಜಿ ಇಲ್ಲಿಗೇ ಹೋಗಬೇಕು. 1988ರ ಕಾನೂನು, ಪರೀಕ್ಷಾ ಸ್ಥಳದಲ್ಲಿದ್ದವನಿಗೆ ನಿರ್ದಿಷ್ಟ ಕ್ಯಾನ್ಸರ್ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸತಕ್ಕದ್ದು ಎಂದು ವಿಧಿಸಿತು. ಇದರ ಹಿಂದೆ ಕಹಿಯಾದ ಇತಿಹಾಸವಿದೆ. 1957ರ ಆಗಸ್ಟ್ 31ರಂದು ನೆವಾಡದಲ್ಲಿ ಸಿಡಿಸಿದ ಸ್ಮೋಕಿ ಬಾಂಬಿನ ಬಳಿ ಇದ್ದ 3,224 ಜನರನ್ನು ಸರ್ಕಾರದ ರೋಗ ನಿಯಂತ್ರಣ ಕೇಂದ್ರ ನಂತರ ಹುಡುಕಿ ನೋಡಿದಾಗ, ಮೂರು ನಾಲ್ಕು ಜನರಲ್ಲಿ ಕಾಣಬೇಕಾಗಿದ್ದ ರಕ್ತದ ಕ್ಯಾನ್ಸರ್ ಒಂಬತ್ತು ಜನರಲ್ಲಿ ಕಂಡಿತು. ಅಂಥ ಅಧ್ಯಯನಗಳು ಮತ್ತು ಸೈನಿಕರ ಪಟ್ಟು ಸೇರಿ ಈ ಕಾನೂನನ್ನು ತಂದವು.

ಪಟ್ಟಿಯಲ್ಲಿ ಈಗ 21 ಕ್ಯಾನ್ಸರ್‌ಗಳಿವೆ. ಶ್ವಾಸಕೋಶ, ಥೈರಾಯ್ಡ್, ಸ್ತನ, ಜಠರ, ಅನ್ನನಾಳ, ಮೇದೋಜೀರಕ, ಕರುಳು, ಮೆದುಳು, ಮೂಳೆ, ಮೂತ್ರಪಿಂಡ ಮತ್ತು ಮೂತ್ರಕೋಶ, ಮಲ್ಟಿಪಲ್ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್, ಹಾಜ್‌ಕಿನ್ ಅಲ್ಲದ ಲಿಂಫೋಮಾಗಳು ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗಳು, ದೀರ್ಘಕಾಲಿಕ ಲಿಂಫೊಸೈಟಿಕ್ ವಿಧವನ್ನು ಬಿಟ್ಟು ಉಳಿದ ರಕ್ತದ ಕ್ಯಾನ್ಸರ್‌ಗಳು ಅವುಗಳಲ್ಲಿ ಮುಖ್ಯವಾದವು. ಇಲ್ಲಿ ವಿಕಿರಣದ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಹಾಜರಿ ಮತ್ತು ರೋಗನಿರ್ಣಯ, ಈ ಎರಡು ಕಾಗದಗಳು ಸಾಕು.

ಯಾರನ್ನು ಒಳಗೊಳ್ಳುತ್ತದೆ ಎಂಬುದರಲ್ಲಿಯೂ ಈ ದಾರಿಯೇ ಅಗಲವಾದದ್ದು. ತೆರೆದ ವಾತಾವರಣದ ಪರೀಕ್ಷೆಗಳಲ್ಲಿದ್ದವರಷ್ಟೇ ಅಲ್ಲದೆ, 1946ರ ಜುಲೈ 1ರೊಳಗೆ ಹಿರೋಶಿಮಾ ಅಥವಾ ನಾಗಾಸಾಕಿಯಲ್ಲಿ ಕರ್ತವ್ಯದಲ್ಲಿದ್ದವರು ಮತ್ತು ಅಲಾಸ್ಕದ ಆಮ್‌ಚಿಟ್ಕಾ ದ್ವೀಪದ ಭೂಗತ ಪರೀಕ್ಷೆಗಳಲ್ಲಿದ್ದವರು ಇದರಲ್ಲಿ ಸೇರುತ್ತಾರೆ. 2022ರ ಪ್ಯಾಕ್ಟ್ ಕಾಯ್ದೆಯು ಇನ್ನೂ ಮೂರು ಗುಂಪುಗಳನ್ನು ಸೇರಿಸಿತು: ಪರೀಕ್ಷೆಗಳು ನಡೆದಿದ್ದ ಪೆಸಿಫಿಕ್‌ನ ಎನಿವೆಟಾಕ್ ದ್ವೀಪವನ್ನು 1977ರಿಂದ 1980ರವರೆಗೆ ಶುಚಿಗೊಳಿಸಿದವರು, 1966ರಲ್ಲಿ ಸ್ಪೇನಿನ ಪಾಲೋಮಾರೆಸ್‌ನಲ್ಲಿ ಮತ್ತು 1968ರಲ್ಲಿ ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿ ಅಣುಬಾಂಬು ಹೊತ್ತಿದ್ದ ಬಾಂಬರ್ ವಿಮಾನಗಳ ಅಪಘಾತದ ನಂತರ ಅಲ್ಲಿ ಕೆಲಸ ಮಾಡಿದವರು. ಎನಿವೆಟಾಕ್‌ನಲ್ಲಿ ದುಡಿದವರು ಈಗ ಅರವತ್ತು ಎಪ್ಪತ್ತರ ವಯಸ್ಸಿನಲ್ಲಿರುವುದರಿಂದ ಅವರ ವಿಷಯದಲ್ಲಿ ಈ ಸೇರ್ಪಡೆ ತುಂಬಾ ದೊಡ್ಡದು.

ಸಕ್ರಿಯ ಕ್ಯಾನ್ಸರ್‌ಗೆ ಇಲಾಖೆ ಸಾಮಾನ್ಯವಾಗಿ ಶೇಕಡಾ 100ರ ಅಂಗವೈಕಲ್ಯ ದರ್ಜೆ ಕೊಡುತ್ತದೆ. ಚಿಕಿತ್ಸೆ ಮುಗಿದ ಆರು ತಿಂಗಳ ನಂತರ ಮರುಪರೀಕ್ಷೆ ನಡೆಸಿ ದರ್ಜೆಯನ್ನು ಇಳಿಸಲೂಬಹುದು. 2025ರ ದರದಲ್ಲಿ ಒಂಟಿ ಸೈನಿಕನಿಗೆ ತಿಂಗಳಿಗೆ ಸುಮಾರು 3,831 ಡಾಲರ್ ಬರುತ್ತಿತ್ತು. ಅವಲಂಬಿತರಿದ್ದರೆ ಇನ್ನೂ ಹೆಚ್ಚು. ಇದಕ್ಕೆ ತೆರಿಗೆ ಇಲ್ಲ. ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಮೊದಲ ಆದ್ಯತೆ ಸಿಗುತ್ತದೆ. ದರ್ಜೆ ಪೂರ್ಣವೂ ಶಾಶ್ವತವೂ ಆದರೆ ಹೆಂಡತಿಯ ಚಿಕಿತ್ಸೆಗೂ ಚಾಂಪ್‌ವಿಎ ಎಂಬ ವಿಮೆಯ ನೆರವು ದೊರೆಯುತ್ತದೆ. ಸೈನಿಕ ಅದೇ ಕಾಯಿಲೆಯಿಂದ ತೀರಿಕೊಂಡರೆ ವಿಧವೆಗೆ 2025ರ ದರದಲ್ಲಿ ತಿಂಗಳಿಗೆ ಸುಮಾರು 1,653 ಡಾಲರ್ ಪರಿಹಾರವಿತ್ತು. ಇಡಿಗಂಟು ಎಷ್ಟೇ ದೊಡ್ಡದಾಗಿ ಕಂಡರೂ ಚಿಕಿತ್ಸೆ, ಹೆಂಡತಿಯ ವಿಮೆ ಮತ್ತು ಆಮೇಲಿನ ಜೀವನಾಧಾರವನ್ನು ಅದು ಕೊಡುವುದಿಲ್ಲ.

ನ್ಯಾಯ ಇಲಾಖೆಯ ಇಡಿಗಂಟು

1990ರ ವಿಕಿರಣ ಪರಿಹಾರ ಕಾಯ್ದೆ, ಅಲ್ಲಿನವರ ಬಾಯಲ್ಲಿ ರೀಕಾ, ಪರೀಕ್ಷಾ ಸ್ಥಳದಲ್ಲಿದ್ದವರಿಗೆ 75,000 ಡಾಲರ್ ಕೊಡುತ್ತಿತ್ತು. 2024ರ ಜೂನ್‌ನಲ್ಲಿ ಅದರ ಅವಧಿ ಮುಗಿದು ಅರ್ಜಿಗಳು ನಿಂತುಹೋದವು. 2025ರ ಜುಲೈ 4ರಂದು ಅಂಕಿತವಾದ ಕಾನೂನು ಅದಕ್ಕೆ ಮತ್ತೆ ಜೀವ ಕೊಟ್ಟು, ಮೊತ್ತವನ್ನು 1,00,000 ಡಾಲರಿಗೆ ಏರಿಸಿತು. ಅರ್ಜಿ ಸಲ್ಲಿಸಲು 2027ರ ಡಿಸೆಂಬರ್ 31 ಕೊನೆಯ ದಿನ. ಒಮ್ಮೆ ನಿಂತುಹೋಗಿದ್ದ ಯೋಜನೆ ಇದು. ಗಡುವು ಮತ್ತೆ ಮುಂದಕ್ಕೆ ಹೋಗಬಹುದೆಂದು ನೆಚ್ಚಿಕೊಂಡು ಕೂರಬೇಡಿ.

ಇಲ್ಲಿಯೂ ವಿಕಿರಣದ ಪ್ರಮಾಣದ ಪ್ರಶ್ನೆ ಇಲ್ಲ. ಆದರೆ ಒಳಗೊಳ್ಳುವವರ ವಲಯ ಕಿರಿದು: ತೆರೆದ ವಾತಾವರಣದ ಪರೀಕ್ಷೆಗಳಲ್ಲಿ ಸ್ಥಳದಲ್ಲಿದ್ದವರು ಮಾತ್ರ. ಹಿರೋಶಿಮಾದಲ್ಲಿದ್ದವರಿಗೂ ಎನಿವೆಟಾಕ್ ಶುಚಿಗೊಳಿಸಿದವರಿಗೂ ಈ ಬಾಗಿಲು ತೆರೆದಿಲ್ಲ. ಕಾಯಿಲೆಗಳ ಪಟ್ಟಿಯೂ ಪೂರ್ತಿ ಒಂದೇ ಅಲ್ಲ. ಮೂತ್ರಕೋಶದ ಕ್ಯಾನ್ಸರ್ ಎರಡರಲ್ಲಿಯೂ ಇದೆ, ಮೂತ್ರಪಿಂಡ ಮತ್ತು ಮೂಳೆಯ ಕ್ಯಾನ್ಸರ್‌ಗಳಿಗೆ ಸೈನಿಕರ ಇಲಾಖೆಯ ದಾರಿಯೇ ಗತಿ. ಪ್ರತಿಯಾಗಿ, ರೀಕಾದಲ್ಲಿ ಅಲ್ಲಿ ದುಡಿದ ನಾಗರಿಕ ನೌಕರರಿಗೂ ಹಕ್ಕಿದೆ. ಇಂಧನ ಇಲಾಖೆಯ ಗುತ್ತಿಗೆದಾರರ ಕೈಕೆಳಗೆ ನೆವಾಡ ಪರೀಕ್ಷಾ ಕ್ಷೇತ್ರದಲ್ಲಿದ್ದವರಿಗಾದರೆ ಕಾರ್ಮಿಕ ಇಲಾಖೆಯ ಬೇರೊಂದು ಯೋಜನೆ 1,50,000 ಡಾಲರ್ ಮತ್ತು ಆ ಕಾಯಿಲೆಯ ವೈದ್ಯಕೀಯ ವೆಚ್ಚ ಕೊಡುತ್ತದೆ. ಒಂದೇ ಕ್ಯಾನ್ಸರ್‌ಗೆ ಅದು ಮತ್ತು ರೀಕಾ ಎರಡೂ ಸಿಗುವುದಿಲ್ಲವಾದ್ದರಿಂದ, ಅಂಥವರು ರೀಕಾ ಅರ್ಜಿ ಹಾಕುವ ಮುಂಚೆ ಕಾರ್ಮಿಕ ಇಲಾಖೆಯನ್ನು ವಿಚಾರಿಸಬೇಕು.

ರೀಕಾದ ನಿಜವಾದ ಬೆಲೆ ಇರುವುದು ವಾರಸುದಾರರ ವಿಷಯದಲ್ಲಿ. ಸೈನಿಕರ ಇಲಾಖೆಯು ವಿಧವೆ ಅಥವಾ ವಿಧುರ, ಚಿಕ್ಕ ಮಕ್ಕಳು ಮತ್ತು ಅವಲಂಬಿತ ತಂದೆತಾಯಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಯಾರಿಗೂ ಕೊಡುವುದಿಲ್ಲ. ರೀಕಾದಲ್ಲಿ, ಸಾವಿಗೆ ಮುಂಚೆ ಕನಿಷ್ಠ ಒಂದು ವರ್ಷವಾದರೂ ವಿವಾಹಿತರಾಗಿದ್ದ ಸಂಗಾತಿ ಮೊದಲು; ಅವರೂ ಇಲ್ಲದಿದ್ದರೆ ಮಕ್ಕಳು, ಎಷ್ಟೇ ವಯಸ್ಸಾಗಿದ್ದರೂ, ಸಮಪಾಲಿನಲ್ಲಿ; ಅವರೂ ಇಲ್ಲದಿದ್ದರೆ ತಂದೆತಾಯಿ, ಮೊಮ್ಮಕ್ಕಳು ಎಂದು ಹಕ್ಕು ಇಳಿಯುತ್ತದೆ. ಅಪ್ಪ 1980ರಲ್ಲಿ ಜಠರದ ಕ್ಯಾನ್ಸರ್‌ನಿಂದ ಸತ್ತು, ಅಮ್ಮನೂ ಈಗ ಇಲ್ಲವಾಗಿದ್ದರೆ, ಅರವತ್ತೈದರ ಮಗಳಿಗೆ ಇರುವುದು ಇದೊಂದೇ ದಾರಿ.

ಎರಡನ್ನೂ ಎದುರುಬದುರು ಇಟ್ಟರೆ

ಎರಡು ಕಡೆಯೂ ಅರ್ಜಿ ಹಾಕಬಹುದು, ಎರಡು ಕಡೆಯ ಹಣ ಪೂರ್ತಿ ಸಿಗುವುದಿಲ್ಲ. ರೀಕಾ ಹಣ ಪಡೆದವನಿಗೆ ಸೈನಿಕರ ಇಲಾಖೆ ಅರ್ಹತೆಯನ್ನು ನಿರಾಕರಿಸುವಂತಿಲ್ಲ, ಆದರೆ ಅದೇ ಮೊತ್ತ ತುಂಬುವವರೆಗೆ ತಿಂಗಳ ಪಾವತಿಯನ್ನು ತಡೆಹಿಡಿಯುತ್ತದೆ. ವಿಧವೆಯ ಪರಿಹಾರಕ್ಕೂ ಈ ಕಡಿತ ಅನ್ವಯಿಸುತ್ತದೆ. ಹಾಗೆಯೇ ಅದೇ ಕಾಯಿಲೆಗೆ ಸೈನಿಕರ ಇಲಾಖೆ ಈವರೆಗೆ ಕೊಟ್ಟದ್ದನ್ನು ನ್ಯಾಯ ಇಲಾಖೆ ತನ್ನ ಇಡಿಗಂಟಿನಲ್ಲಿ ಮುರಿದುಕೊಳ್ಳುತ್ತದೆ; ಹಳೆಯ ಪಾವತಿಗಳನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುತ್ತದೆ.

ಶ್ವಾಸಕೋಶದ ಕ್ಯಾನ್ಸರ್ ಇರುವ, ಹೆಂಡತಿ ಇಲ್ಲದ ಎಂಬತ್ತೈದರ ಸೈನಿಕನನ್ನು ತೆಗೆದುಕೊಳ್ಳೋಣ. ತಿಂಗಳಿಗೆ 3,831 ಡಾಲರ್‌ನಂತೆ 26 ತಿಂಗಳಲ್ಲಿ ಆತನಿಗೆ 99,606 ಡಾಲರ್ ಬರುತ್ತದೆ. ಅಂದರೆ ಎರಡು ವರ್ಷ ಎರಡು ತಿಂಗಳಿಗಿಂತ ಹೆಚ್ಚು ಬದುಕಿದರೆ ಇಡಿಗಂಟಿನಿಂದ ಆತನಿಗೆ ಹೆಚ್ಚುವರಿ ಲಾಭವೇನೂ ಇಲ್ಲ. ಹತ್ತು ತಿಂಗಳಿಗೆ ತೀರಿಕೊಂಡರೆ ಬಂದದ್ದು 38,310 ಡಾಲರ್ ಮಾತ್ರ. ಉಳಿದ ಸುಮಾರು 61,000 ಡಾಲರನ್ನು ಮಕ್ಕಳು ರೀಕಾದಿಂದ ಕೇಳಬಹುದು, ಆದರೆ 2027ರ ಗಡುವಿನೊಳಗೆ ಕೇಳಿದರೆ ಮಾತ್ರ. ಇದರಿಂದ ಹೊರಡುವ ಸಲಹೆ ಸ್ಪಷ್ಟವಾಗಿದೆ. ಮುನ್ನೋಟ ಒಳ್ಳೆಯದಿದ್ದವರು ಸೈನಿಕರ ಇಲಾಖೆಯ ಪರಿಹಾರವನ್ನೇ ನೆಚ್ಚಿಕೊಳ್ಳಲಿ. ವೈದ್ಯರು ತಿಂಗಳುಗಳ ಮಾತಾಡುತ್ತಿದ್ದರೆ, ಅಥವಾ ಮನೆಗೆ ಇಳಿಜಾರು ಕಟ್ಟಿಸಲು, ರಾತ್ರಿ ಆರೈಕೆಗೆ ಜನ ಇಡಲು ಈಗಲೇ ದೊಡ್ಡ ಮೊತ್ತ ಬೇಕಾಗಿದ್ದರೆ, ಎರಡೂ ಅರ್ಜಿಗಳನ್ನು ಒಟ್ಟಿಗೆ ಹಾಕಲಿ. ನ್ಯಾಯ ಇಲಾಖೆ 12 ತಿಂಗಳೊಳಗೆ ನಿರ್ಧರಿಸಬೇಕೆಂದು ಕಾನೂನಿದೆ. ಸೈನಿಕರ ಇಲಾಖೆ 85 ದಾಟಿದವರ ಮತ್ತು ಸಾವಿನಂಚಿನ ರೋಗಿಗಳ ಅರ್ಜಿಯನ್ನು ಕೋರಿಕೆಯ ಮೇರೆಗೆ ಮುಂದಕ್ಕೆ ತೆಗೆದುಕೊಳ್ಳುತ್ತದೆ.

ವಿಧವೆಯ ಲೆಕ್ಕ ಬೇರೆ. ತಿಂಗಳಿಗೆ 1,653 ಡಾಲರ್‌ನಂತೆ ಒಂದು ಲಕ್ಷ ತುಂಬಲು ಐದು ವರ್ಷ ಬೇಕು. ಎಪ್ಪತ್ತೈದರ ಗಟ್ಟಿ ಹೆಂಗಸಿಗೆ ತಿಂಗಳ ಪರಿಹಾರ ಮತ್ತು ಚಾಂಪ್‌ವಿಎ ಮೇಲು. ತೊಂಬತ್ತು ದಾಟಿದ, ಆರೈಕೆ ಗೃಹದಲ್ಲಿರುವ ತಾಯಿಗೆ ಇಡಿಗಂಟು ಮೊದಲು ಬರುವುದು ಲೇಸು.

ಪಟ್ಟಿಯಲ್ಲಿಲ್ಲದ ಕಾಯಿಲೆಗೆ

ಪ್ರಾಸ್ಟೇಟ್ ಮತ್ತು ಚರ್ಮದ ಕ್ಯಾನ್ಸರ್ ಈ ವಯಸ್ಸಿನ ಗಂಡಸರಲ್ಲಿ ತುಂಬಾ ಸಾಮಾನ್ಯ, ಆದರೆ ಎರಡು ಪಟ್ಟಿಗಳಲ್ಲಿಯೂ ಇಲ್ಲ. ಇಂಥವರಿಗೆ ಸೈನಿಕರ ಇಲಾಖೆಯಲ್ಲಿ ಮತ್ತೊಂದು ದಾರಿಯಿದೆ. ಎಲ್ಲ ಕ್ಯಾನ್ಸರ್‌ಗಳು, ಕಣ್ಣಿನ ಒಂದು ಬಗೆಯ ಪೊರೆ, ಥೈರಾಯ್ಡ್ ಗಂಟುಗಳು ಮುಂತಾದವನ್ನು ವಿಕಿರಣದಿಂದ ಬರಬಹುದಾದ ಕಾಯಿಲೆಗಳೆಂದು ಅಲ್ಲಿ ಗಣಿಸುತ್ತಾರೆ. ಆದರೆ ಈ ದಾರಿಯಲ್ಲಿ ಅರ್ಜಿದಾರ ಎಷ್ಟು ವಿಕಿರಣಕ್ಕೆ ಒಡ್ಡಿಕೊಂಡಿದ್ದನೆಂಬುದನ್ನು ರಕ್ಷಣಾ ಇಲಾಖೆ ಅಂದಾಜು ಮಾಡಿ ಕೊಡುತ್ತದೆ. ಕಾಯಿಲೆ ಅದರಿಂದಲೇ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಾದರೂ ಇದೆಯೇ ಎಂದು ಆಮೇಲೆ ನಿರ್ಧಾರವಾಗುತ್ತದೆ.

ನನಗೆ ಅನ್ಯಾಯವೆನಿಸುವುದು ಇಲ್ಲಿ. ವಿಕಿರಣ ಅಳೆಯುವ ಫಿಲ್ಮ್ ಬ್ಯಾಡ್ಜನ್ನು ಎಲ್ಲರಿಗೂ ಕೊಟ್ಟಿರಲಿಲ್ಲ. ಎಷ್ಟೋ ಕಡೆ ತುಕಡಿಯಲ್ಲಿ ಒಬ್ಬಿಬ್ಬರ ಎದೆಯ ಮೇಲಿದ್ದ ಬ್ಯಾಡ್ಜಿನ ಅಳತೆಯನ್ನೇ ಉಳಿದವರಿಗೂ ಹಚ್ಚಲಾಯಿತು. ಉಸಿರಿನೊಂದಿಗೆ ಒಳಗೆ ಹೋದ ಧೂಳನ್ನು ಆ ಬ್ಯಾಡ್ಜು ಅಳೆಯುತ್ತಲೇ ಇರಲಿಲ್ಲ. ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿಯೇ ಇಂಥ ಅಂದಾಜುಗಳಲ್ಲಿ ಗರಿಷ್ಠ ಮಿತಿಯನ್ನು ಹಲವು ಬಾರಿ ಕಡಿಮೆ ತೋರಿಸಲಾಗಿದೆ ಎಂದು ಹೇಳಿತು. ಅಳೆಯಬೇಕಾಗಿದ್ದವರು ಅಳೆಯದೆ ಬಿಟ್ಟದ್ದರ ಭಾರವನ್ನು ರೋಗಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಅರ್ಜಿ ಹಾಕಬಾರದೆಂದು ನಾನು ಹೇಳಲಾರೆ. 1994ರಲ್ಲಿ ಕಾಂಬೀ ಪ್ರಕರಣದ ಮೇಲ್ಮನವಿ ತೀರ್ಪು, ಪಟ್ಟಿಯ ಹೊರಗಿನ ಕಾಯಿಲೆಯೂ ಸೇವೆಯಿಂದ ಬಂದದ್ದೆಂದು ನೇರವಾಗಿ ಸಾಬೀತುಪಡಿಸುವ ಹಕ್ಕು ಸೈನಿಕನಿಗಿದೆ ಎಂದು ಎತ್ತಿಹಿಡಿದಿದೆ. ಕ್ಯಾನ್ಸರ್ ತಜ್ಞರಿಂದ ಕಾರಣಸಹಿತವಾದ ಅಭಿಪ್ರಾಯ ಪತ್ರ ಇದ್ದರೆ ಅರ್ಜಿಗೆ ಬಲ ಬರುತ್ತದೆ. ಕನ್ನಡಿಗ ವೈದ್ಯರು ನಿಜಕ್ಕೂ ನೆರವಾಗಬಹುದಾದದ್ದು ಇಂಥ ಪತ್ರವನ್ನು ಅರ್ಧ ಪುಟದಲ್ಲಿ ಮುಗಿಸದೆ, ಓದಿ, ಯೋಚಿಸಿ ಬರೆಯುವುದರಲ್ಲಿ.

ಕಾಯಿಲೆಯೇ ಇಲ್ಲದವರಿಗೆ

ಪರೀಕ್ಷೆಗಳಲ್ಲಿದ್ದ ಸೈನಿಕನಿಗೆ ಯಾವ ದರ್ಜೆ ಇಲ್ಲದಿದ್ದರೂ ಇಲಾಖೆಯ ಆಸ್ಪತ್ರೆಗಳಲ್ಲಿ ಆರನೆಯ ಆದ್ಯತಾ ಗುಂಪಿನಲ್ಲಿ ಹೆಸರು ನೋಂದಾಯಿಸುವ ಹಕ್ಕಿದೆ. ವಿಕಿರಣ ನೋಂದಣಿ ತಪಾಸಣೆ ಎಂಬ ಉಚಿತ ದೇಹಪರೀಕ್ಷೆಯನ್ನೂ ಮಾಡಿಸಿಕೊಳ್ಳಬಹುದು. ಆದರೆ ಈ ತಪಾಸಣೆ ಪರಿಹಾರದ ಅರ್ಜಿಯಲ್ಲ. ತಪಾಸಣೆ ಆಯಿತೆಂದು ಅರ್ಜಿಯೂ ಹೋಯಿತೆಂದುಕೊಂಡು ಸುಮ್ಮನಾದರೆ ಪರಿಹಾರದ ತಿಂಗಳುಗಳು ಸುಮ್ಮನೆ ಕಳೆದುಹೋಗುತ್ತವೆ.

ಪದಕ ಮತ್ತು ಪ್ರಮಾಣಪತ್ರ

ರಕ್ಷಣಾ ಇಲಾಖೆಯು ಅಣುಪರೀಕ್ಷೆಯ ಸೈನಿಕರಿಗೆ ಪ್ರಮಾಣಪತ್ರವನ್ನೂ, 2021ರ ಕೊನೆಯಲ್ಲಿ ಅಂಕಿತವಾದ ಕಾನೂನಿನ ಮೇರೆಗೆ ಸ್ಮಾರಕ ಪದಕವನ್ನೂ ಕೊಡುತ್ತದೆ. ತೀರಿಕೊಂಡವರ ಪರವಾಗಿ ಹತ್ತಿರದ ಬಂಧುಗಳೂ ಕೇಳಬಹುದು. ಇದರಿಂದ ಯಾವ ಹಣವೂ ಕಡಿತವಾಗುವುದಿಲ್ಲ, ಯಾವ ಹಣವೂ ಬರುವುದಿಲ್ಲ. ಇದನ್ನು ಇತರ ದಾರಿಗಳ ಜೊತೆ ತೂಗಿ ನೋಡುವ ಅಗತ್ಯವೇ ಇಲ್ಲ. ಎಲ್ಲರೂ ಕೇಳಿ ಪಡೆಯಬೇಕು. ದಶಕಗಳ ಕಾಲ ತಾನು ಎಲ್ಲಿದ್ದೆನೆಂದು ಹೇಳಲಾರದೆ ಬದುಕಿದವನಿಗೆ, ನೀನು ಅಲ್ಲಿದ್ದೆ ಎಂದು ಸರ್ಕಾರವೇ ಬರೆದುಕೊಡುವುದು ಸಣ್ಣ ವಿಷಯವಲ್ಲ.

ಬೇರೆ ದೇಶಗಳ ಪರೀಕ್ಷೆಗಳಲ್ಲಿದ್ದವರಾದರೆ

ಬ್ರಿಟನ್ನಿನ ಸೈನಿಕರಿಗೆ 2022ರ ನವೆಂಬರ್‌ನಲ್ಲಿ ಪದಕ ಘೋಷಣೆಯಾಯಿತು, ಆದರೆ ಪ್ರತ್ಯೇಕ ಪರಿಹಾರ ಯೋಜನೆ ಇಲ್ಲ. ಸಾವಿರಕ್ಕೂ ಹೆಚ್ಚು ಜನರ ದಾವೆಯಲ್ಲಿ ಅವರ ಸುಪ್ರೀಂ ಕೋರ್ಟು 2012ರಲ್ಲಿ 4-3ರ ಬಹುಮತದಿಂದ ಸೈನಿಕರ ವಿರುದ್ಧ ತೀರ್ಪು ಕೊಟ್ಟಿತು. ಈಗ ಉಳಿದಿರುವುದು ಯುದ್ಧ ಪಿಂಚಣಿಯ ಸಾಮಾನ್ಯ ದಾರಿ. ಫ್ರಾನ್ಸ್ 2010ರ ಜನವರಿ 5ರ ಕಾನೂನಿನಡಿ 23 ಕಾಯಿಲೆಗಳಿಗೆ ಪರಿಹಾರ ಕೊಡುತ್ತದೆ, ಅಲ್ಲಿಯೂ ವಿಕಿರಣದ ಪ್ರಮಾಣದ ಮಿತಿಯೊಂದನ್ನು ದಾಟಬೇಕು. ಕೆನಡಾ 2008ರಲ್ಲಿ ತಲಾ 24,000 ಡಾಲರ್ ಕೊಟ್ಟಿತು. ಆಸ್ಟ್ರೇಲಿಯಾದ ಮರಾಲಿಂಗ ಮುಂತಾದ ಕಡೆ ಬ್ರಿಟನ್ ನಡೆಸಿದ ಪರೀಕ್ಷೆಗಳಲ್ಲಿದ್ದ ತನ್ನವರಿಗೆ ಆಸ್ಟ್ರೇಲಿಯಾ 2017ರ ಜುಲೈ 1ರಿಂದ ಗೋಲ್ಡ್ ಕಾರ್ಡ್ ಕೊಡುತ್ತಿದ್ದು, ಅದು ಕ್ಯಾನ್ಸರಿಗಷ್ಟೇ ಅಲ್ಲದೆ ಎಲ್ಲ ಕಾಯಿಲೆಗಳ ಚಿಕಿತ್ಸೆಗೂ ನಡೆಯುತ್ತದೆ. ಅಲ್ಲಿದ್ದೆ ಎಂಬುದೊಂದನ್ನೇ ಕೇಳುವ ಈ ಏರ್ಪಾಡು ನನ್ನ ಕಣ್ಣಿಗೆ ಎಲ್ಲಕ್ಕಿಂತ ಮಾನವೀಯವಾಗಿ ಕಾಣುತ್ತದೆ.

ಅರ್ಜಿ ಹಾಕುವಾಗ

ಅಮೆರಿಕದ ಸೈನಿಕರ ಇಲಾಖೆಗೆ ಮೊದಲು ಅರ್ಜಿ ಹಾಕುವ ಉದ್ದೇಶವಿದೆ ಎಂಬ ಒಂದು ಪುಟ್ಟ ನಮೂನೆಯನ್ನು ಕಳಿಸಿಬಿಡಿ. ಆ ದಿನದಿಂದ ಒಂದು ವರ್ಷದೊಳಗೆ ಪೂರ್ಣ ಅರ್ಜಿ ಸಲ್ಲಿಸಿದರೆ ಪರಿಹಾರವನ್ನು ಆ ದಿನದಿಂದಲೇ ಲೆಕ್ಕ ಹಾಕಬಹುದು. ಅಷ್ಟರಲ್ಲಿ ದೃಢೀಕರಣ ಪತ್ರ, ಬಯಾಪ್ಸಿ ವರದಿ, ಮದುವೆ ಮತ್ತು ಮರಣದ ಪ್ರಮಾಣಪತ್ರಗಳನ್ನು ಕೂಡಿಸಿಕೊಳ್ಳಬಹುದು. ಮಾನ್ಯತೆ ಪಡೆದ ಸೈನಿಕ ಸೇವಾ ಸಂಘಗಳ ಪ್ರತಿನಿಧಿಗಳು ಈ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತಾರೆ, ಮತ್ತು ಇಲಾಖೆಗೆ ಹಾಕುವ ಮೊದಲ ಅರ್ಜಿಗೆ ಯಾರೂ ಶುಲ್ಕ ಪಡೆಯುವಂತಿಲ್ಲ. ರೀಕಾ ಅರ್ಜಿಯನ್ನು ವಕೀಲರಿಲ್ಲದೆಯೂ ಸಲ್ಲಿಸಬಹುದು. ವಕೀಲರನ್ನು ಹಿಡಿದರೂ ಮೊದಲ ಅರ್ಜಿಗೆ ಅವರು ಕೇಳಬಹುದಾದದ್ದು ಬಂದ ಹಣದ ಶೇಕಡಾ 2 ಮಾತ್ರ. ಅದಕ್ಕಿಂತ ಹೆಚ್ಚು ಕೇಳುವವರ ಕೈಗೆ ಕಾಗದಪತ್ರ ಕೊಡಬೇಡಿ.